ಪ್ರೊಸೆಸರ್‌ನ ಕೋರ್ ಮತ್ತು ಕ್ಲಾಕ್ ವೇಗ

ಕಂಪ್ಯೂಟರಿನ ಶಕ್ತಿಯನ್ನು ಹೇಳಲು ಮಾರುಕಟ್ಟೆಯಲ್ಲಿ ರೂಢಿಯಾಗಿರುವ ಎರಡು ಅಳತೆಗಳು. ಪ್ರೊಸೆಸರ್‌ನೊಳಗೆ ಆದೇಶಗಳನ್ನು ಓದಿ ಲೆಕ್ಕ ಮಾಡುವ ಸ್ವತಂತ್ರ ಘಟಕವೇ ಕೋರ್. ಆ ಘಟಕವನ್ನು ನಡೆಸುವ ವಿದ್ಯುತ್ ಮಿಡಿತ ಸೆಕೆಂಡಿಗೆ ಎಷ್ಟು ಬಾರಿ ಎಂಬುದು ಕ್ಲಾಕ್ ವೇಗ. 1 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಮಿಡಿತ. ಒಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ಮೂರನೆಯ ಅಳತೆ, ಅದು ವಿನ್ಯಾಸಕ್ಕೆ ಸೇರಿದ್ದು. ಅಂಗಡಿಯ ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ. ಕೊಳ್ಳುವವರು ಎಡವುವುದು ಬಹುಪಾಲು ಇಲ್ಲೇ.

ಮೊದಲ ಮೂವತ್ತು ವರ್ಷಗಳ ಕಥೆ ಒಂದೇ ದಿಕ್ಕಿನದು. 1971ರ ಇಂಟೆಲ್ 4004 ಚಿಪ್‌ನ ವೇಗ 740 ಕಿಲೋಹರ್ಟ್ಸ್. 1981ರ ಐಬಿಎಂ ಪಿಸಿಯಲ್ಲಿದ್ದ 8088ರದು 4.77 ಮೆಗಾಹರ್ಟ್ಸ್. 1993ರ ಪೆಂಟಿಯಮ್ 60 ಮೆಗಾಹರ್ಟ್ಸ್‌ನಲ್ಲಿ ಶುರುವಾಯಿತು. 2000ದ ಮಾರ್ಚ್‌ನಲ್ಲಿ ಎಎಂಡಿಯ ಅಥ್ಲಾನ್, ಅದರ ಹಿಂದೆ ಎರಡೇ ದಿನಕ್ಕೆ ಇಂಟೆಲ್‌ನ ಪೆಂಟಿಯಮ್ 3, 1 ಗಿಗಾಹರ್ಟ್ಸ್ ಮುಟ್ಟಿದವು. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಅದು ಬೇಗ ಕೆಲಸ ಮಾಡುತ್ತಿತ್ತು, ವಿದ್ಯುತ್ತೂ ಕಡಿಮೆ ಸಾಕಾಗುತ್ತಿತ್ತು. ಹಾಗಾಗಿ ಹೆಚ್ಚು ಮೆಗಾಹರ್ಟ್ಸ್ ಇದ್ದ ಯಂತ್ರವನ್ನು ಕೊಂಡವರು ಆ ಕಾಲದಲ್ಲಿ ಹೆಚ್ಚೇನೂ ಮೋಸಹೋಗಲಿಲ್ಲ.

ಒಂದೇ ಪ್ರೊಸೆಸರ್‌ನ ವೇಗವನ್ನು ನೆಚ್ಚದೆ ಹಲವನ್ನು ಕೂಡಿಸುವ ದಾರಿಯನ್ನು ಭಾರತದಲ್ಲಿ ಹಿಡಿದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಮುಂಚಿನದು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕಲು ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕಿತ್ತು, ಅಂಥ ಯಂತ್ರಗಳು ಭಾರತಕ್ಕೆ ಸುಲಭವಾಗಿ ಸಿಗುತ್ತಿರಲಿಲ್ಲ. ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ ಯು.ಎನ್. ಸಿನ್ಹಾ ಮತ್ತು ಸಂಗಡಿಗರು ಇಂಟೆಲ್ 8086 ಪ್ರೊಸೆಸರ್‌ಗಳನ್ನು ಒಟ್ಟುಗೂಡಿಸಿ 1986ರಲ್ಲಿ 'ಫ್ಲೊಸಾಲ್ವರ್' ಕಟ್ಟಿದರು. ಅದು ದೇಶದ ಮೊದಲ ಸಮಾಂತರ ಕಂಪ್ಯೂಟರ್. ಬಿಡಿಯಾಗಿ ನೋಡಿದರೆ ಅದರ ಪ್ರೊಸೆಸರ್ ಅಂದಿನ ಮೇಜಿನ ಕಂಪ್ಯೂಟರಿನದಕ್ಕಿಂತ ಮೇಲಿನದೇನಲ್ಲ. ಆದರೆ ಗಾಳಿಯ ಹರಿವನ್ನು ತುಂಡುತುಂಡಾಗಿ ಹಂಚಬಹುದು: ಒಂದೊಂದು ಪ್ರೊಸೆಸರ್ ತನ್ನ ಪಾಲಿನ ಜಾಗವನ್ನು ಲೆಕ್ಕ ಹಾಕಿ, ಅಂಚಿನ ಉತ್ತರಗಳನ್ನಷ್ಟೇ ಪಕ್ಕದ್ದಕ್ಕೆ ದಾಟಿಸಿದರೆ ಸಾಕು. ಮುಂದೆ ಇದೇ ಸರಣಿಯ ಯಂತ್ರಗಳು ಹವಾಮಾನ ಮುನ್ಸೂಚನೆಯ ಲೆಕ್ಕಕ್ಕೂ ಬಂದವು.

ಗಿಗಾಹರ್ಟ್ಸ್ ಅಂಕಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಬೆಂಗಳೂರಿನಲ್ಲಿ ಸ್ಥಾಪಿಸಿದ 'ಪರಂ ಪದ್ಮ' ಒಳ್ಳೆಯ ಸಾಕ್ಷಿ. 2003ರ ಜೂನ್‌ನಲ್ಲಿ ಪ್ರಪಂಚದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಅದು 171ನೆಯದು. ಅದರೊಳಗಿದ್ದುದು 1 ಗಿಗಾಹರ್ಟ್ಸ್‌ನ 248 ಐಬಿಎಂ ಪವರ್4 ಪ್ರೊಸೆಸರ್‌ಗಳು. ಪವರ್4 ಎಂಬುದೋ ಒಂದೇ ಚಿಪ್‌ನಲ್ಲಿ ಎರಡು ಕೋರ್ ಇಟ್ಟು 2001ರಲ್ಲಿ ಬಂದ ವಿನ್ಯಾಸ. ಅದೇ ಹೊತ್ತಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ಪೆಂಟಿಯಮ್ 4 ಚಿಪ್ 3 ಗಿಗಾಹರ್ಟ್ಸ್ ದಾಟಿತ್ತು. ಅಂಕಿಯೊಂದನ್ನೇ ನಂಬಿದರೆ ಸೂಪರ್‌ಕಂಪ್ಯೂಟರಿನ ಪ್ರೊಸೆಸರ್‌ಗಿಂತ ಪಕ್ಕದ ಸೈಬರ್ ಕೆಫೆಯದೇ ಮೂರು ಪಟ್ಟು ಮೇಲು ಎನ್ನಬೇಕಾಗುತ್ತಿತ್ತು!

ಪೆಂಟಿಯಮ್ 4ರ ಅಂಕಿ ಸುಳ್ಳಲ್ಲ, ಅದನ್ನು ಗಳಿಸಿದ ಬಗೆ ಬೇರೆ. ಒಂದು ಆದೇಶವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದರೆ ಪ್ರತಿ ಹಂತವೂ ಬೇಗ ಮುಗಿದು ಮಿಡಿತ ಏರುತ್ತದೆ. ಮೊದಲ ಪೆಂಟಿಯಮ್ 4ರಲ್ಲಿ 20 ಹಂತಗಳಿದ್ದವು, 2004ರ ಆವೃತ್ತಿಯಲ್ಲಿ 31. ಮುಂದಿನ ಆದೇಶ ಯಾವುದೆಂಬ ಊಹೆ ತಪ್ಪಿದಾಗಲೆಲ್ಲ ನಡುವಿನ ಕೆಲಸವೆಲ್ಲ ವ್ಯರ್ಥ. ಜತೆಗೆ ಬಿಸಿ. ವೇಗ ಹೆಚ್ಚಿಸಲು ವೋಲ್ಟೇಜ್ ಏರಿಸಬೇಕು, ವಿದ್ಯುತ್ ವ್ಯಯ ಆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಟ್ರಾನ್ಸಿಸ್ಟರ್ ಇನ್ನಷ್ಟು ಕಿರಿದಾದಾಗ ವಿದ್ಯುತ್ ಸೋರಿಕೆ ಹೆಚ್ಚಿತು, ಹಳೆಯ ಉಳಿತಾಯ ನಿಂತಿತು. 3.8 ಗಿಗಾಹರ್ಟ್ಸ್‌ನ, 115 ವ್ಯಾಟ್ ಬೇಡುವ ಪೆಂಟಿಯಮ್ 4ಕ್ಕೇ ನಿಂತ ಇಂಟೆಲ್ 2004ರ ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್‌ನ ಯೋಜನೆಯನ್ನೇ ಕೈಬಿಟ್ಟಿತು. ಮಾರನೆಯ ವರ್ಷ ಇಂಟೆಲ್, ಎಎಂಡಿ ಎರಡೂ ಎರಡು ಕೋರ್‌ಗಳ ಮೇಜಿನ ಪ್ರೊಸೆಸರ್ ಮಾರಿದವು. 2006ರ ಕೋರ್ 2 ಡ್ಯುಯೊ 3 ಗಿಗಾಹರ್ಟ್ಸನ್ನೂ ಮುಟ್ಟದೆ ಪೆಂಟಿಯಮ್ 4ನ್ನು ಹಿಂದೆ ಹಾಕಿತು.

ಈ ತಿರುವಿನಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾತ್ರದ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಇಂಟೆಲ್‌ನ ಬೆಂಗಳೂರು ಕೇಂದ್ರ ಕೈಗೆತ್ತಿಕೊಂಡಿದ್ದ ನಾಲ್ಕು ಕೋರ್‌ಗಳ ಸರ್ವರ್ ಪ್ರೊಸೆಸರ್‌ಗೆ ನಗರದ ಬಡಾವಣೆಯ ಹೆಸರೇ ಇತ್ತು: 'ವೈಟ್‌ಫೀಲ್ಡ್'. 2005ರಲ್ಲಿ ಅದು ರದ್ದಾಯಿತು. ಅದೇ ಕೇಂದ್ರ ಮತ್ತೆ ಎದ್ದು ವಿನ್ಯಾಸಗೊಳಿಸಿದ 'ಡನಿಂಗ್ಟನ್' 2008ರ ಸೆಪ್ಟೆಂಬರ್‌ನಲ್ಲಿ ಜಿಯಾನ್ 7400 ಎಂಬ ಹೆಸರಲ್ಲಿ ಬಿಡುಗಡೆಯಾಯಿತು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, 2.66 ಗಿಗಾಹರ್ಟ್ಸ್, 130 ವ್ಯಾಟ್. ನಾಲ್ಕು ವರ್ಷದ ಹಿಂದೆ ಒಂದೇ ಕೋರ್ ನುಂಗುತ್ತಿದ್ದುದಕ್ಕಿಂತ ತುಸುವೇ ಹೆಚ್ಚು ವಿದ್ಯುತ್ತಿನಲ್ಲಿ ಆರು ಕೋರ್‌ಗಳು ದುಡಿದವು. 2007ರಲ್ಲಿ ಇಂಟೆಲ್ ಪ್ರದರ್ಶಿಸಿದ 80 ಕೋರ್‌ಗಳ ಪ್ರಯೋಗದ ಚಿಪ್‌ನಲ್ಲೂ ಬೆಂಗಳೂರಿನ ತಂಡದ ಪಾಲಿತ್ತು. ಅದು ಮಾರಾಟಕ್ಕೆ ಬರಲಿಲ್ಲ.

ಕೋರ್ ಹೆಚ್ಚಿದಂತೆಲ್ಲ ವೇಗ ಹೆಚ್ಚುವುದೆಂಬುದೂ ಅರ್ಧ ಸತ್ಯ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದರ ಮಿತಿ ತೋರಿಸಿದರು. ಹತ್ತು ಗಂಟೆಯ ಕೆಲಸದಲ್ಲಿ ಹಂಚಲಾಗದ ಒಂದು ಗಂಟೆ ಇದ್ದರೆ, ಸಾವಿರ ಕೋರ್ ತಂದರೂ ಒಂದು ಗಂಟೆಗಿಂತ ಮೊದಲು ಅದು ಮುಗಿಯದು. ಹೆದ್ದಾರಿ 66 ಎಷ್ಟೇ ಅಗಲವಾಗಿದ್ದರೂ ಕೂಳೂರಿನ ಹಳೆಯ ಸೇತುವೆಯ ಬಳಿ ವಾಹನಗಳು ಸಾಲುಗಟ್ಟುವುದನ್ನು ಕಂಡ ಮಂಗಳೂರಿಗರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2015ರಲ್ಲಿ ಸ್ಥಾಪಿಸಿದ 'ಸಹಸ್ರಟಿ' ಸೂಪರ್‌ಕಂಪ್ಯೂಟರ್ 2.5 ಗಿಗಾಹರ್ಟ್ಸ್‌ನ 33,000ಕ್ಕೂ ಹೆಚ್ಚು ಕೋರ್‌ಗಳನ್ನು ದುಡಿಸಿಕೊಂಡದ್ದು, ಅದಕ್ಕೆ ಕೊಟ್ಟ ಲೆಕ್ಕಗಳು ಹಂಚಲು ಬರುವಂಥವಾದ್ದರಿಂದ. ಟ್ಯಾಲಿ, ನುಡಿ ಅಥವಾ ಬ್ರೌಸರ್ ಅಂಥವಲ್ಲ.

ಇತ್ತೀಚಿನ ಪೆಟ್ಟಿಗೆಗಳ ಮೇಲಿನ ಅಂಕಿ ಇನ್ನೂ ಜಟಿಲ. ಚಿಪ್ ವಿನ್ಯಾಸದ ಕಂಪನಿ ಆರ್ಮ್ 2011ರಲ್ಲಿ ಮೊಬೈಲ್‌ಗೆಂದು ತಂದ ದೊಡ್ಡ-ಚಿಕ್ಕ ಕೋರ್‌ಗಳ ಜೋಡಣೆ 2021ರಲ್ಲಿ ಇಂಟೆಲ್‌ನ ಮೇಜಿನ ಪ್ರೊಸೆಸರ್‌ಗಳಿಗೂ ಬಂತು. ಹೀಗಾಗಿ ಹತ್ತು ಕೋರ್ ಎಂದು ಬರೆದಿದ್ದರೆ ಹತ್ತೂ ಸಮಬಲದವು ಎಂದಲ್ಲ. ದಪ್ಪಕ್ಷರದಲ್ಲಿ ಅಚ್ಚಾಗುವ ಗರಿಷ್ಠ ವೇಗ ಒಂದೆರಡು ಕೋರ್‌ಗಳಿಗೆ, ಅದೂ ಸ್ವಲ್ಪ ಹೊತ್ತಿಗೆ ಸಿಗುವಂಥದು. ಬಿಸಿ ಏರಿದರೆ ಚಿಪ್ ತಾನಾಗಿ ನಿಧಾನಿಸುತ್ತದೆ. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ತೆಳು ಲ್ಯಾಪ್‌ಟಾಪ್ ಆ ಗರಿಷ್ಠ ವೇಗವನ್ನು ಬಹಳ ಹೊತ್ತು ಉಳಿಸಿಕೊಳ್ಳಲಾರದು.

ಗಿಗಾಹರ್ಟ್ಸ್ ಹೋಲಿಕೆಗೆ ಅರ್ಥವಿರುವುದು ಒಂದೇ ತಯಾರಕರ, ಒಂದೇ ಪೀಳಿಗೆಯ ಪ್ರೊಸೆಸರ್‌ಗಳ ನಡುವೆ ಮಾತ್ರ. ವಿಡಿಯೊ ಸಂಕಲನದಂಥ ಕೆಲಸಕ್ಕೆ ಹೆಚ್ಚು ಕೋರ್ ಬೇಕು. ಅನೇಕ ಆಟಗಳಿಗೆ ಒಂದೊಂದು ಕೋರ್‌ನ ಚುರುಕು ಮುಖ್ಯ. ಪತ್ರ, ಲೆಕ್ಕ, ಪಾಠಕ್ಕೆ ಹೊಸ ಪೀಳಿಗೆಯ ನಾಲ್ಕು ಕೋರ್ ಸಾಕು, ಉಳಿದ ಹಣ ರ‍್ಯಾಮ್‌ಗೂ ಎಸ್‌ಎಸ್‌ಡಿಗೂ ಹೋಗಲಿ. ಕೊಳ್ಳುವ ಮೊದಲು ಈಗಿರುವ ಯಂತ್ರದಲ್ಲೇ ದಿನದ ಕೆಲಸ ಮಾಡುತ್ತ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು: ಕೋರ್‌ಗಳೆಲ್ಲ ತುಂಬಿವೆಯೋ, ಒಂದೇ ತುಂಬಿದೆಯೋ, ಇಲ್ಲ ರ‍್ಯಾಮ್ ತುಂಬಿದೆಯೋ ಎಂಬುದು ಅಲ್ಲಿ ಕಾಣುತ್ತದೆ.