ಆಟೋಮ್ಯಾಟಿಕ್ ಇಳಿಸಿ ಗೇರ್ ಏರಿಸಿದ ಕಥಿ

1/6

ಕ್ಲಚ್ ಇಲ್ಲದ ಕಾರು ಹೊಸಾದು, ಗೇರ್ ಹಾಕೋ ಕಾರು ಹಳೇದು. ಹಂಗ ತಿಳಕೊಂಡೀರಿ ಹೌದಲ್ಲ? ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಮುಂದ ಅರ್ಧ ತಾಸು ನಿಂತು ಬರೋ ಹೋಗೋ ಗಾಡಿ ನೋಡಿದ್ರ ಯಾರಿಗಾದ್ರೂ ಹಂಗ ಅನಸ್ತೈತಿ. ಹೊಸಾ ಶೋರೂಂ ಗಾಡಿ ಆಟೋಮ್ಯಾಟಿಕ್, ಹಳೇ ಕ್ರೂಸರ್ ಗೇರು.

ಆದ್ರ ಇತಿಹಾಸ ಉಲ್ಟಾ ಐತಿ. ಆಟೋಮ್ಯಾಟಿಕ್ ಕಾರು ಜಗತ್ತಿನಾಗ ಮಾರಾಟಕ್ಕ ಬಂದು 85 ವರ್ಷ ದಾಟಿದವು. ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲೇ ಅಂಥ ಗಾಡಿ ನಮ್ಮ ದೇಶಕ್ಕೂ ಬಂದವು. ಬಂದವು, ಓಡಿದವು, ಕೆಟ್ಟವು. ಕೆಟ್ಟ ಮ್ಯಾಲೆ ಎಷ್ಟೋ ಗಾಡಿಗಳ ಹೊಟ್ಟಿಯಿಂದ ಆ ಆಟೋಮ್ಯಾಟಿಕ್ ಡಬ್ಬಿ ಇಳಿಸಿ, ಕೈಯಿಂದ ಹಾಕೋ ಗೇರ್‌ಬಾಕ್ಸ್ ಏರಿಸಿದ್ರು. ಹೊಸಾದು ಹೋಗಿ ಹಳೇದು ಬಂತು ಅಂದಂಗಾತು.

ಯಾಕ? ರೊಕ್ಕದ ಲೆಕ್ಕ ಇತ್ತು ಖರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಒಂದಿತ್ತು: ಅದನ್ನ ಬಿಚ್ಚಿ ಮತ್ತ ಜೋಡಿಸೋ ಮನಿಷ್ಯಾ ಊರಾಗ ಇರಲಿಲ್ಲ. ಈ ಕಥಿ ಹೇಳಾಕ ಮುಂಬೈಗೂ ಹೋಗಬೇಕು, ಸವದತ್ತಿ ಮಗ್ಗಲಿನ ಒಂದು ಊರಿಗೂ ಹೋಗಬೇಕು. ಆರು ಪೋಸ್ಟ್ ಅದಾವ, ಒಂದೊಂದಾಗಿ ಓದ್ರಿ.

2/6

ಮೊದಲು ಯಂತ್ರ ತಿಳಕೊಳ್ಳೋಣ, ಇಲ್ಲಂದ್ರ ಮುಂದಿನದು ತಲಿಗೆ ಹತ್ತೂದಿಲ್ಲ.

ಎಂಜಿನ್ ಒಂದೇ ಸಮ ತಿರಗತಿರತೈತಿ. ಗಾಲಿ ಮಾತ್ರ ಒಮ್ಮೆ ನಿಲ್ಲಬೇಕು, ಒಮ್ಮೆ ಓಡಬೇಕು. ಅಂದ ಮ್ಯಾಲೆ ಎರಡರ ನಡುವ ಬಿಡಸೋದು, ಕೂಡಸೋದು ಮಾಡೋ ಜಾಗ ಒಂದು ಬೇಕು. ಮ್ಯಾನ್ಯುವಲ್ ಗಾಡ್ಯಾಗ ಅಲ್ಲಿ ಕ್ಲಚ್ ಪ್ಲೇಟ್ ಇರತೈತಿ, ನಿಮ್ಮ ಎಡಗಾಲು ಅದನ್ನ ಆಳತೈತಿ. ಆಟೋಮ್ಯಾಟಿಕ್‌ನಾಗ ಅಲ್ಲಿ ಎಣ್ಣಿ ಇರತೈತಿ. ಎರಡು ಟೇಬಲ್ ಫ್ಯಾನ್ ಎದುರಾಬದುರಾ ಇಟ್ಟು ಒಂದನ್ನಷ್ಟ ಚಾಲೂ ಮಾಡ್ರಿ, ಅದರ ಗಾಳಿಗೆ ಇನ್ನೊಂದೂ ತಿರಗತೈತಿ. ಗಾಳಿ ಬದಲು ಎಣ್ಣಿ ಅಂತ ತಿಳಕೋರಿ, ಅಷ್ಟ. ಜರ್ಮನಿಯ ಹೆರ್ಮಾನ್ ಫಾಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆತನ ಲಕ್ಷ್ಯ ಕಾರಿನ ಮ್ಯಾಲೆ ಇರಲೇ ಇಲ್ಲ, ಹಡಗಿನ ಮ್ಯಾಲೆ ಇತ್ತು. ಜೋರಾಗಿ ತಿರಗೋ ಟರ್ಬೈನಿಗೆ ನಿಧಾನ ತಿರಗೋ ಪ್ರೊಪೆಲರ್ ಜೋಡಿಸಬೇಕಾಗಿತ್ತು.

ಅದನ್ನ ಕಾರಿಗೆ ತಂದಿದ್ದು ಅಮೆರಿಕದ ಜನರಲ್ ಮೋಟರ್ಸ್. 'ಹೈಡ್ರಾಮ್ಯಾಟಿಕ್' ಅನ್ನೋ ಹೆಸರಿನಾಗ, 1939ರಲ್ಲಿ, 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿನ ಜೋಡಿ. ಹೆಚ್ಚುವರಿ ಬೆಲೆ 57 ಡಾಲರ್. ಮುಂದ ಎರಡನೇ ಮಹಾಯುದ್ಧದಾಗ ಅದೇ ಗೇರ್‌ಬಾಕ್ಸ್ ಟ್ಯಾಂಕಿನೊಳಗೂ ಹೋತು.

ಇಲ್ಲಿ ನನಗ ಬಾಳ ಸೇರಿದ ಸಂಗತಿ ಒಂದೈತಿ. ಹೈಡ್ರಾಮ್ಯಾಟಿಕ್ ತಯಾರು ಮಾಡಿದ ತಂಡದ ಮುಖಂಡ ಅರ್ಲ್ ಥಾಂಪ್ಸನ್. ಈತನೇ 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್ ತಂದವ. ಅದು ಬರೋಕಿಂತ ಮೊದಲು ಗೇರ್ ಬದಲಿಸೋದಂದ್ರ ಕಟಕಟ ಸದ್ದು, ಎರಡೆರಡು ಸಲ ಕ್ಲಚ್ ಒತ್ತೋದು. ಇವತ್ತು ನೀವು ಯಾವ ಮ್ಯಾನ್ಯುವಲ್ ಕಾರಿನಾಗ ಮೆತ್ತಗ ಗೇರ್ ಹಾಕಿದ್ರೂ ಥಾಂಪ್ಸನ್‌ನ ಆ ಕೆಲಸಾನ ನಿಮ್ಮ ಕೈಗೆ ಹತ್ತೋದು. ಮ್ಯಾನ್ಯುವಲ್ ಹಗುರ ಮಾಡಿದವನೂ ಅವನ, ಅದನ್ನ ತಗದು ಹಾಕಾಕ ಹೊಂಟವನೂ ಅವನ.

3/6

ನಮ್ಮ ದೇಶ. ಜನರಲ್ ಮೋಟರ್ಸ್ 1928ರಿಂದ ಮುಂಬೈಯಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸುತ್ತಿತ್ತು. 1953ರಲ್ಲಿ ಟ್ಯಾರಿಫ್ ಕಮಿಷನ್ ಒಂದು ಷರತ್ತು ಇಟ್ಟಿತು: ಇಲ್ಲೇ ತಯಾರಿಸೋ ಯೋಜನೆ ಇದ್ದವರು ಇರ್ರಿ, ಬರೀ ಜೋಡಿಸೋರು ಬಿಡ್ರಿ. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಎರಡೂ ಅಂಗಡಿ ಮುಚ್ಚಿ ಹೋದವು. ಉಳಿದ ದೊಡ್ಡ ಕಾರುಗಳು, ಶೆವ್ರೊಲೆ, ಡಾಜ್, ಪ್ಲಿಮತ್, ಸಿರಿವಂತರ ಮನ್ಯಾಗ, ಸಂಸ್ಥಾನಿಕರ ಗ್ಯಾರೇಜಿನಾಗ ಇದ್ದವು. ಮುಂದ ರಾಯಭಾರ ಕಚೇರಿಯವರು ಬಳಸಿ ಬಿಟ್ಟ ಇಂಪಾಲಾಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟಕ್ಕ ಬರತಿದ್ದವು. ಇವುಗಳಾಗ ಕೆಲವು ಆಟೋಮ್ಯಾಟಿಕ್.

ಈಗ ನೀವು 1970ರಾಗ ಅಂಥ ಒಂದು ಗಾಡಿ ಇಟಗೊಂಡೀರಿ ಅಂತ ತಿಳಕೋರಿ. ಗೇರ್‌ಬಾಕ್ಸ್ ಜಾರಾಕ ಸುರು ಆತು. ಒಳಗ ಎಣ್ಣಿ ಹಾದಿ ಕೊರೆದ ವಾಲ್ವ್ ಬಾಡಿ, ಬ್ಯಾಂಡು, ಸಣ್ಣ ಸಣ್ಣ ಕ್ಲಚ್ ಪ್ಲೇಟಿನ ಥಪ್ಪಿ, ಸೀಲು. ಒಂದು ರಬ್ಬರ್ ಸೀಲ್ ಬೇಕಂದ್ರೂ ವಿದೇಶದಿಂದ ಬರಬೇಕು, ಆಮದಿಗೆ ಪರವಾನಗಿ ಬೇಕು. ಪೆಟ್ರೋಲ್ ಅಂತೂ 1973ರ ತೈಲ ಬಿಕ್ಕಟ್ಟಿನ ಮ್ಯಾಲೆ ಕೈಗೆ ಹತ್ತಧಂಗ ಆತು.

ಮುಂಬೈ ಗ್ಯಾರೇಜುಗಳು ಕಂಡುಕೊಂಡ ಹಾದಿ ಇದು: ದೊಡ್ಡ ಪೆಟ್ರೋಲ್ ಎಂಜಿನ್ ಎತ್ತಿ ಇಡೋದು, ಪರ್ಕಿನ್ಸ್ ಡೀಸೆಲ್ ಕೂಡ್ಸೋದು (ಚೆನ್ನೈನ ಸಿಂಪ್ಸನ್‌ನವರು ಅದನ್ನ ಇಲ್ಲೇ ಮಾಡತಿದ್ರು). ಮುಂದ ಟೆಂಪೊ ಮ್ಯಾಟಡೋರಿನ ಎಂಜಿನ್ನೂ ಬಂತು. ಎಂಜಿನ್ ಬದಲಾದ್ರ ಅದರ ಬೆನ್ನಿಗೆ ಒಪ್ಪೋ ಗೇರ್‌ಬಾಕ್ಸೂ ಬದಲಾಗಬೇಕಲ್ಲ, ಮ್ಯಾನ್ಯುವಲ್ ಬಂತು. ಅಂಬಾರಿಯಂಥ ಇಂಪಾಲಾ, ಒಳಗ ಟೆಂಪೊದ ಗಡಗಡ ಸದ್ದು. ನಗು ಬರತೈತಿ, ಆದ್ರ ಗಾಡಿ ಓಡತಿತ್ತು.

ಕೆಲಸ ಏನೇನು ಅಂದ್ರ: ಆಟೋಮ್ಯಾಟಿಕ್ ಎಂಜಿನ್ನಿನ ಹಿಂದ ಇರೋದು ತೆಳ್ಳನೆಯ ತಗಡಿನಂಥ ಪ್ಲೇಟು, ಅದನ್ನ ತಗದು ತೂಕದ ಫ್ಲೈವೀಲ್ ಹಾಕಬೇಕು. ಕ್ರ್ಯಾಂಕಿನ ಬಾಲಕ್ಕ ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂಡಾಕ ಒಂದು ಬುಶ್ ಬೇಕು. ಮೂರನೇ ಪೆಡಲ್ ಬೇಕು, ಕ್ಲಚ್ಚಿನ ಸಿಲಿಂಡರ್ ಇಲ್ಲಾ ಕೇಬಲ್ ಬೇಕು. ಹೊಸ ಡಬ್ಬಿಯ ಉದ್ದ ಬ್ಯಾರೆ, ಹಂಗಾಗಿ ಪ್ರೊಪೆಲರ್ ಶಾಫ್ಟ್ ಕತ್ತರಿಸಿ ಬೆಸುಗೆ ಹಾಕಿ ಬ್ಯಾಲೆನ್ಸ್ ಮಾಡಿಸಬೇಕು. ಕೆಳಗಿನ ಅಡ್ಡಪಟ್ಟಿ ಸರಿಸಬೇಕು. ರೇಡಿಯೇಟರಿಗೆ ಹೋಗೋ ಎಣ್ಣಿ ಪೈಪ್ ಮುಚ್ಚಬೇಕು. 'ಪಾರ್ಕ್' ಇಲ್ಲಾ 'ನ್ಯೂಟ್ರಲ್'ನಾಗ ಇದ್ದಾಗಷ್ಟ ಸ್ಟಾರ್ಟ್ ಆಗಲಿ ಅಂತ ಇಟ್ಟ ಸ್ವಿಚ್ಚಿನ ವೈರು ಕೂಡಿಸಲಿಲ್ಲಂದ್ರ ಇಷ್ಟೆಲ್ಲ ಮಾಡಿದ್ರೂ ಗಾಡಿ ಸ್ಟಾರ್ಟೇ ಆಗೂದಿಲ್ಲ!

ಎಲ್ಲಕ್ಕಿಂತ ಮುಖ್ಯ, ಒಂದು ಕಂಪನಿ ಎಂಜಿನ್ನಿಗೆ ಇನ್ನೊಂದು ಕಂಪನಿ ಗೇರ್‌ಬಾಕ್ಸ್ ಕೂಡಸೋ ದಪ್ಪ ಪ್ಲೇಟು. ಅದರ ನಡು ಕೂದಲೆಳಿಯಷ್ಟು ಸರಿದ್ರೂ ಬೇರಿಂಗ್ ತಿಂದು ಹೋಗತೈತಿ. ಅಂಥಾ ಪ್ಲೇಟು ಅಂಗಡ್ಯಾಗ ಸಿಗೂದಿಲ್ಲ, ಲೇಥಿನ ಮ್ಯಾಲೆ ಹುಟ್ಟಬೇಕು.

4/6

ಲೇಥ್ ಅಂದ ಕೂಡಲೇ ನಮ್ಮ ಕಡೆ ಬರೋಣ.

ಐಟಿಐ ವರ್ಕ್‌ಶಾಪಿನಾಗ, ಹಳೇ ಗ್ಯಾರೇಜಿನಾಗ 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಅಂತ ಬರೆದ ಲೇಥ್ ನೋಡಿದ್ರ ಅದರ ತಟ್ಟಿ ಓದ್ರಿ. ಮೈಸೂರು ಕಿರ್ಲೋಸ್ಕರ್, ಹರಿಹರ. 1941ರಲ್ಲಿ ಸುರುವಾದ ಆ ಕಾರ್ಖಾನೆ ಈಗ ಇಲ್ಲ, ಲೇಥುಗಳು ಇನ್ನೂ ತಿರಗತಾವ. ಕಿರ್ಲೋಸ್ಕರ್ ಅಂದ್ರ ಪುಣೆಯವರು ಅಂತ ಹೇಳೋರಿಗೆ ಒಂದು ಮಾತು: ಆ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಗುರ್ಲಹೊಸೂರಿನಾಗ. ನಮ್ಮ ಸವದತ್ತಿ ಮಗ್ಗಲಿನ ಗುರ್ಲಹೊಸೂರು!

ಮುಂಬೈಗೆ ಚಿತ್ರಕಲೆ ಕಲಿಯಾಕ ಹೋದ, ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಸೋ ಮಾಸ್ತರ ಆದ. 1888ರಲ್ಲಿ ಅಣ್ಣನ ಜೋಡಿ ಬೆಳಗಾವ್ಯಾಗ ಸೈಕಲ್ ಅಂಗಡಿ. ಸೈಕಲ್ ಮಾರೋದು, ರಿಪೇರಿ ಮಾಡೋದು, ಬೇಕಂದ್ರ ಹೊಡಿಯೋದು ಕಲಿಸೋದು. ಅಲ್ಲಿಂದ ಮೇವು ಕತ್ತರಿಸೋ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದ್ರ ಮಣ್ಣಿಗೆ ವಿಷ ಏರತೈತಿ ಅಂತ ರೈತರು ಹೆದರಿದ್ರಂತ, ಮೊದಲ ನೇಗಿಲು ಮಾರಾಕ ಎರಡು ವರ್ಷ ಹಿಡೀತಂತ. ಎರಡು ವರ್ಷ! ನಾವು ರೀಲ್ ಹಾಕಿ ಎರಡು ತಾಸಿನಾಗ ವ್ಯೂ ಬರಲಿಲ್ಲಂದ್ರ ಡಿಲೀಟ್ ಮಾಡೋರು.

ಬೆಳಗಾವ್ಯಾಗ ಅಂಗಡಿ ಜಾಗ ಖಾಲಿ ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜ ಜಾಗ ಕೊಟ್ಟ. 1910ರಲ್ಲಿ ಕುಂಡಲ ರೋಡ್ ಸ್ಟೇಷನ್ ಹತ್ತಿರದ ಬರಡು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಊರು ಹೋತು ಮಹಾರಾಷ್ಟ್ರಕ್ಕ.

ನಾನು ಇದನ್ನ ಅಭಿಮಾನಕ್ಕಷ್ಟ ಹೇಳಾಕತ್ತಿಲ್ಲ. ಮುಂಬೈಯಾಗಲಿ ಹುಬ್ಬಳ್ಳಿಯಾಗಲಿ, ಒಬ್ಬ ಮಿಸ್ತ್ರಿ 'ಇದು ಇಲ್ಲಿ ಸಿಗೂದಿಲ್ಲ, ನಾನ ಮಾಡತೀನಿ' ಅನ್ನಬೇಕಾದ್ರ ಅವನ ಹಿಂದ ಒಂದು ಲೇಥ್ ಇರಬೇಕು. ಮ್ಯಾನ್ಯುವಲ್ ಗೇರ್‌ಬಾಕ್ಸಿನ ಹಲ್ಲು, ಬುಶ್, ಶಾಫ್ಟ್ ಲೇಥ್ ಇದ್ದ ಊರಾಗ ಹುಟ್ಟತಾವ. ಆಟೋಮ್ಯಾಟಿಕ್‌ನ ವಾಲ್ವ್ ಬಾಡಿ ಹುಟ್ಟೂದಿಲ್ಲ.

5/6

ಇಂಪಾಲಾ ಸಿರಿವಂತರದು. ನಮ್ಮ ತಾಲೂಕುಗಳಾಗ ಗೇರಿನ ಬದಲಾವಣಿ ಬ್ಯಾರೆ ಥರ ಆತು. ಅಜ್ಜನ ಕಾಲದ ಅಂಬಾಸಡರ್, ಫಿಯಾಟ್ ಎರಡಕ್ಕೂ ಗೇರ್ ಸ್ಟೇರಿಂಗ್ ಪಕ್ಕಕ್ಕ ಇರತಿತ್ತು. ಮುಂದಿನ ಸೀಟು ಉದ್ದ ಬೆಂಚು, ಡ್ರೈವರ್ ಜೋಡಿ ಮೂರು ಮಂದಿ ಕೂಡಬಹುದಿತ್ತು. ಆದ್ರ ಆ ಕಡ್ಡಿಯಿಂದ ಗೇರ್‌ಬಾಕ್ಸಿನ ತನಕ ಲಿಂಕ್ ಮ್ಯಾಲೆ ಲಿಂಕ್, ಬುಶ್ ಸವೆದ್ರ ಎರಡನೇ ಗೇರ್ ಹಾಕಾಕ ಹೋಗಿ ರಿವರ್ಸ್ ಬಿದ್ದಂಗ ಆಗತಿತ್ತು. ಹಂಗಾಗಿ 'ಫ್ಲೋರ್ ಗೇರ್' ಮಾಡಿಸೋದು ಗ್ಯಾರೇಜಿನ ದೊಡ್ಡ ಕೆಲಸ ಆತು: ನೆಲ ಕೊರೆದು ಗೇರ್ ಕಡ್ಡಿ ನೆಟ್ಟಗ ಡಬ್ಬಿ ಮ್ಯಾಲೆ ತರೋದು. 1990ರ ದಶಕದ ಸುರುವಿಗೆ ಕಂಪನಿಯವರೂ ಇಸುಜು ಎಂಜಿನ್, ಐದು ಗೇರ್, ನೆಲದ ಮ್ಯಾಲಿನ ಕಡ್ಡಿ ಇರೋ ಅಂಬಾಸಡರ್ ತಂದ್ರು. ಅದನ್ನ ನೋಡಿ ಹಳೇ ಗಾಡಿಗೂ ಹಂಗ ಮಾಡಿಸಿದವರು ಅದಾರ.

ಹುಣ್ಣಿವಿ ದಿನ ಯಲ್ಲಮ್ಮನಗುಡ್ಡಕ್ಕ ಹೋಗ್ರಿ. ತುಂಬಿದ ಕ್ರೂಸರ್ ಏರಿನ ನಡುವ ಎರಡನೇ ಗೇರಿಗೆ ಇಳಿಯೋ ಸದ್ದು ಕೇಳ್ರಿ. ಇಳಿಯುವಾಗೂ ಅದೇ ಗೇರ್, ಬ್ರೇಕ್ ಕಾಯಬಾರದು ಅಂತ. ಡ್ರೈವರ್ ಯಾವ ಪುಸ್ತಕನೂ ಓದಿಲ್ಲ, ಕೈಗೆ ಗೊತ್ತೈತಿ.

6/6

ಈಗ ನೆಟ್ಟಗ ಪ್ರಶ್ನೆಗೆ. ಹಳೇ ಆಟೋಮ್ಯಾಟಿಕ್ ಕಾರಿಗೆ ಇವತ್ತು ಮ್ಯಾನ್ಯುವಲ್ ಹಾಕಬಹುದಾ?

ಯಂತ್ರದ ಮಟ್ಟಿಗೆ ಹಾಕಬಹುದು. ಅದೇ ಮಾಡೆಲಿನ ಮ್ಯಾನ್ಯುವಲ್ ಗಾಡಿ ಗುಜರಿಯಾಗ ಸಿಕ್ರ ಪೆಡಲ್, ಡ್ರೈವ್ ಶಾಫ್ಟ್, ಮೌಂಟಿಂಗ್ ಎಲ್ಲ ಒಂದೇ ಕಡೆಯಿಂದ ಬರತಾವ. ಕಾರ್ಬೊರೇಟರ್ ಗಾಡಿಯಾದ್ರ ಕಂಪ್ಯೂಟರಿನ ತಕರಾರೂ ಇಲ್ಲ. ಕಾನೂನಿನ ಮಟ್ಟಿಗೆ ಮೊದಲು ಕೆಎ-24ರ ಕಚೇರಿಗೆ ಹೋಗಿ ಕೇಳ್ರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಗಾಡಿಯ ದಾಖಲೆ ತಯಾರಕರು ಕೊಟ್ಟ ವಿವರಕ್ಕಿಂತ ಬ್ಯಾರೆ ಆಗೋ ಹಂಗ ಬದಲಾಯಿಸಬಾರದು ಅಂತೈತಿ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿಯಾಗಿ ಹೇಳೈತಿ. ಕೆಲಸ ಮುಗಿಸಿ ಆಮೇಲೆ ಕೇಳೋದು ಬ್ಯಾಡ.

ಆದ್ರ ಮೂರನೇ ಮಟ್ಟ ಒಂದೈತಿ, ಅದನ್ನ ಯಾವ ವಿಡಿಯೋನೂ ಹೇಳೂದಿಲ್ಲ. ಗಾಡಿ ಯಾರು ಹೊಡಿತಾರ? ನಮ್ಮ ದೊಡ್ಡವ್ವನ ಅಂಗಳದಾಗ ಒಂದು ಹಳೇ ಝೆನ್ ಆಟೋಮ್ಯಾಟಿಕ್ ನಿಂತೈತಿ. ರಿವರ್ಸ್ ಹಿಡಿತೈತಿ, ಮುಂದಕ್ಕ ಹಿಡಿಯೂದಿಲ್ಲ. ನೋಡಿದ ಮಿಸ್ತ್ರಿಗಳೆಲ್ಲ 'ಮ್ಯಾನ್ಯುವಲ್ ಹಾಕಿಬಿಡ್ರಿ, ತಲಿಬ್ಯಾನಿ ಹೋಗ್ಲಿ' ಅಂದ್ರು. ದೊಡ್ಡವ್ವನ ಎಡಗಾಲಿಗೆ ಸಣ್ಣಾಕಿದ್ದಾಗ ಪೋಲಿಯೋ ಆಗೈತಿ. ಆಕಿ ಶಾಲಿಗೆ ತಾನ ಗಾಡಿ ಹೊಡಕೊಂಡು ಹೋಗತಿದ್ದದ್ದು ಆ ಮೂರನೇ ಪೆಡಲ್ ಇಲ್ಲ ಅನ್ನೋ ಒಂದೇ ಕಾರಣಕ್ಕ. ಮ್ಯಾನ್ಯುವಲ್ ಹಾಕಿದ್ರ ಗಾಡಿ ಓಡತೈತಿ, ದೊಡ್ಡವ್ವ ಓಡಿಸೂದಿಲ್ಲ. ಮೇಲಿನ ಐದು ಪೋಸ್ಟಿನಾಗ ನಾನು ಮಿಸ್ತ್ರಿಗಳ ಕಡೆ ನಿಂತೀನಿ, ಈ ಒಂದು ಗಾಡಿ ಮಟ್ಟಿಗೆ ನಿಲ್ಲೂದಿಲ್ಲ.

ನಡುವಿನ ಹಾದಿನೂ ಅದಾವ. 2014ರ ಫೆಬ್ರುವರಿಯಲ್ಲಿ ಬಂದ ಸೆಲೆರಿಯೊ ಎಎಂಟಿ ನೆನಪೈತಿಲ್ಲೋ? ಅದು ಎಣ್ಣಿ ಮ್ಯಾಲೆ ನಡಿಯೋ ಆಟೋಮ್ಯಾಟಿಕ್ ಅಲ್ಲ. ಒಳಗಿರೋದು ಅದೇ ಮ್ಯಾನ್ಯುವಲ್ ಡಬ್ಬಿ, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತೋ ಕಾಲು, ಗೇರ್ ಹಾಕೋ ಕೈ ಎರಡರ ಕೆಲಸ ಒಂದು ಯಂತ್ರ ಮಾಡತೈತಿ. ಸಣ್ಣ ಕಾರಿನವರ ನಡುವ ಆಟೋಮ್ಯಾಟಿಕ್ ಹರಡಿದ್ದು ಮ್ಯಾನ್ಯುವಲ್ಲಿನ ಹೆಗಲ ಮ್ಯಾಲೆ ಕುಂತು. ಅದೇ ವರ್ಷ ಮೇ ತಿಂಗಳಿನಾಗ ಅಂಬಾಸಡರ್ ತಯಾರಿಕೆ ನಿಂತಿತು. ಗುರ್ಲಹೊಸೂರಿನ ಮನೆತನದ ನಾಲ್ಕನೇ ತಲೆಮಾರು ಟೊಯೊಟಾ ಜೋಡಿ ಸೇರಿ ಬಿಡದಿಯಲ್ಲಿ ಕಟ್ಟಿದ ಕಾರ್ಖಾನೆಯಿಂದ 2004ರಿಂದ ಹೊರದೇಶಕ್ಕ ಹೋಗಿದ್ದೂ ಮ್ಯಾನ್ಯುವಲ್ ಗೇರ್‌ಬಾಕ್ಸುಗಳ.

ಇನ್ನೊಂದು ಹಾದಿ, ಕ್ಲಚ್ಚನ್ನ ಕೈಗೆ ತರೋದು. ಕಾಲಿಗೆ ತೊಂದರೆ ಇದ್ದವರಿಗಾಗಿ ಮಾರ್ಪಡಿಸಿದ ಗಾಡಿಗೆ ಅದೇ 52ನೇ ಕಲಮಿನಾಗ ಅವಕಾಶ ಐತಿ, ಅನುಮತಿ ತಗೊಂಡು ಮಾಡಬೇಕು ಅಷ್ಟ. ದೊಡ್ಡವ್ವಗ ಎರಡೂ ಹೇಳೀನಿ. ಆಕಿಗೆ ಝೆನ್ನ ಬೇಕು, ಅದೂ ಇದ್ದಂಗ ಬೇಕು. ಬರೋ ವಾರ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೊಂಟೀನಿ, ಝೆನ್ನಿನ ಮೂರು ಗೇರಿನ ಆಟೋಮ್ಯಾಟಿಕ್ ಡಬ್ಬಿ ಹುಡುಕಾಕ. ಯಾರ ಮನಿ ಹಿತ್ತಲದಾಗಾದ್ರೂ ಒಂದು ಬಿದ್ದಿದ್ರ ನನಗ ಮೆಸೇಜ್ ಮಾಡ್ರಿ.

#ಬೈಲಹೊಂಗಲ #ಸವದತ್ತಿ #ಕಿತ್ತೂರುನಾಡು #ಗುರ್ಲಹೊಸೂರು #ಗೇರ್‌ಬಾಕ್ಸ್