ಫ್ಲ್ಯಾಶ್ ಹಾಕಿದರೂ ಫೋಟೊ ಅರ್ಧ ಕಪ್ಪಾಗುವುದೇಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲೇ ಮದುವೆಯಾದರೂ ಧಾರೆ ನಡೆಯುವುದು ಒಂದೇ ಬಾರಿ. ಆ ಫೋಟೊದ ಅರ್ಧ ಕಪ್ಪಾದರೆ ಫ್ಲ್ಯಾಶ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಹಲವು ಬಾರಿ ಕಾರಣ ಶಟರ್ ವೇಗ.

ಡಿಎಸ್‌ಎಲ್‌ಆರ್ ಶಟರ್‌ನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಇಡೀ ಸೆನ್ಸರ್ ಒಮ್ಮೆಗೇ ತೆರೆದಿರುವ ಗರಿಷ್ಠ ವೇಗವೇ ಫ್ಲ್ಯಾಶ್ ಸಿಂಕ್ ವೇಗ. ಹಲವು ಕ್ಯಾಮೆರಾಗಳಲ್ಲಿ ಇದು 1/200 ಅಥವಾ 1/250 ಸೆಕೆಂಡು. ವೇಗ ಇದನ್ನು ಮೀರಿದರೆ ಮೊದಲ ಪರದೆ ಪೂರ್ತಿ ಸರಿಯುವ ಮುನ್ನವೇ ಎರಡನೆಯದು ಹೊರಡುತ್ತದೆ. ಫ್ಲ್ಯಾಶ್ ಬೆಳಗುವುದು ಕ್ಷಣಮಾತ್ರ. ಆಗ ಪರದೆಯ ಮರೆಯಲ್ಲಿದ್ದ ಭಾಗಕ್ಕೆ ಅದರ ಬೆಳಕು ಸಿಗದು.

ಟ್ರಿಗರ್ ಬಳಸುವಾಗ ಮೊದಲು 1/160ಕ್ಕೆ ಇಳಿಸಿ ಒಂದು ಫೋಟೊ ತೆಗೆದು ನೋಡಿ. ಹೈ-ಸ್ಪೀಡ್ ಸಿಂಕ್ ಇದ್ದರೆ ವೇಗ ಹೆಚ್ಚಿಸಬಹುದು, ಆದರೆ ಫ್ಲ್ಯಾಶ್ ಬೆಳಕು ಕುಗ್ಗುತ್ತದೆ.