ಮುಲ್ಲರ್ ಅವರ ಪ್ರಾರ್ಥನೆ ಮತ್ತು ಲೆಕ್ಕದ ಪುಸ್ತಕ

ಪ್ರಷ್ಯದಲ್ಲಿ ಹುಟ್ಟಿದ ಜಾರ್ಜ್ ಮುಲ್ಲರ್ (1805–1898) ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ ಅನಾಥಾಲಯವನ್ನು ತೆರೆದರು. ಕೊರತೆಯನ್ನು ದೇವರಲ್ಲಿ ಅರಿಕೆ ಮಾಡುವುದೇ ಹೊರತು ಮನುಷ್ಯರ ಮುಂದೆ ಕೈಚಾಚಬಾರದು, ಸಾಲ ಮಾಡಬಾರದು ಎಂಬುದು ಅವರ ನಿಯಮ. ಆದರೆ ಬಂದ ಹಣಕ್ಕೆಲ್ಲ ಲೆಕ್ಕವಿಟ್ಟು, ವರದಿಯನ್ನು ಅಚ್ಚು ಹಾಕಿಸುತ್ತಿದ್ದರು. ಆ ವರದಿಯೇ ಮರೆಯ ಯಾಚನೆಯಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ! ಅದು ಮುಲ್ಲರ್ ಅವರಿಗೂ ಹೊಳೆದಿತ್ತು. 1841ರ ಡಿಸೆಂಬರಿನಲ್ಲಿ ಕೈ ಬರಿದಾಗಿದ್ದಾಗ, ವರದಿಯನ್ನು ಪ್ರಕಟಿಸಿದರೆ ಅದು ಯಾಚನೆಯಂತೆ ತೋರೀತೆಂದು ಅದನ್ನೂ ಸಾರ್ವಜನಿಕ ಸಭೆಗಳನ್ನೂ ಮುಂದೂಡಿದರು. ಆ ಬಳಿಕದ ತಿಂಗಳುಗಳು ಸುಲಭವಾಗಿರಲಿಲ್ಲ. ಅಂದಿನ ಊಟದ ಹಣ ಅಂದೇ ಒದಗಬೇಕಾಗಿತ್ತು. ಅನಾಥಾಲಯದ ಸಹಾಯಕರು ತಮ್ಮ ಕೈಯಲ್ಲಿದ್ದ ಕಾಸನ್ನೂ ಮಕ್ಕಳ ಅನ್ನಕ್ಕೆ ಕೊಟ್ಟರು. ಪ್ರಾರ್ಥಿಸಿದವರೂ ಅವರೇ.